ಸೋಮವಾರದ ನೀಲಿ ಮನುಷ್ಯ

ಹೆಣ್ಣುಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಡೇರೆಯೊಳಗೆ ಬರತೊಡಗಿದ್ದನ್ನು ಕಂಡಾಗಲೇ ಎಲ್ಲೋ ಎಡವಟ್ಟಾಗಿದೆಯೆಂದು ನನಗೆ ತಿಳಿಯಿತು. ಟೂರಿಂಗ್ ಟಾಕೀಜಿನ ಡೇರೆಯೆಂದರೆ ಶೇಂಗಾ ಸಿಪ್ಪೆ, ಬೀಡಿ ತುಂಡು, ಎಲೆಯಡಿಕೆಯ ಉಗುಳು. ಅಲ್ಲಿ ಬರಿಗಾಲಲ್ಲಿ ಕಾಲಿಡುವ ಧೈರ್ಯ ಯಾರಿಗಿದೆ? ದೇವರ ಚಿತ್ರ ಬಂದಾಗ ಮಾತ್ರ ನಮ್ಮೂರ ಹೆಂಗಸರು ಆ ಧೈರ್ಯ ಮಾಡುತ್ತಿದ್ದರು. ಅಂದು ಡಬ್ಬಿಯಲ್ಲಿದ್ದದ್ದು ದೇವರ ಚಿತ್ರವಲ್ಲ. ಇಂಗ್ಲಿಷ್ ಚಿತ್ರ.

ಎಲ್ಲರಿಗಿಂತ ಮುಂದೆ ನೀಲಕ್ಕ. ಇಳಕಲ್ಲ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಹಿತ್ತಾಳೆಯ ತಾಟು. ತಾಟಿನಲ್ಲಿ ಪತ್ರಿ, ಊದಿನಕಡ್ಡಿ, ಜುಟ್ಟು ತೆಗೆಯದ ತೆಂಗಿನಕಾಯಿ. ಹಿಂದೆ ಇಡೀ ಓಣಿ, ಎಲ್ಲರ ಕೈಯಲ್ಲೂ ಒಂದೊಂದು ಕಾಯಿ. ಬಾಗಿಲ ಬಳಿ ನಿಂತಿದ್ದ ಪೇಂಟರ್ ರಾಮಪ್ಪನನ್ನು ಕಂಡು ಆಕೆ ನಿಂತಳು.

"ರಾಮಪ್ಪಾ, ಶಿವನ್ನ ಅಗದಿ ಜೀವಂತ ತಗದೀಯೋ. ಕಾಲು ತೊಳಿಯೂ ಭಕ್ತನ ಮಾರೀನೂ ಭಾಳ ಚಲೋ ಬಂದೈತಿ. ಯಾವ ಶರಣರ ಕಥಿನೋ ಏನೋ, ನೋಡೇ ಬಿಡೂಣು."

ರಾಮಪ್ಪ ಹಿಗ್ಗಿ ಕೈಮುಗಿದ. ನಾನು ಹೊರಗೋಡಿ ಪೋಸ್ಟರು ನೋಡಿದೆ. ಮೂರು ದಿನದಿಂದ ದಿನಕ್ಕೆ ಹತ್ತು ಸಲ ಅದರ ಮುಂದೆ ಹಾದುಹೋದವನು ಆಗ ಮೊದಲ ಸಲ ನೋಡಿದೆ. ಒಬ್ಬ ನೀಲಿ ಮನುಷ್ಯ ಕಲ್ಲಿನ ಮೇಲೆ ಕುಳಿತಿದ್ದಾನೆ. ಒಬ್ಬ ಕೆಂಪು ಮೋರೆಯವ ಅವನ ಕಾಲು ತೊಳೆಯುತ್ತಿದ್ದಾನೆ. ಹಿಂದೆ ಹೊಳೆ, ಮೇಲೆ ಅರ್ಧ ಚಂದ್ರ.

ಜಂಗಮನ ವೇಷದಲ್ಲಿ ಮನೆಗೆ ಬಂದ ಶಿವ, ಪಾದಪೂಜೆ ಮಾಡುವ ಭಕ್ತ. ಸೋಮವಾರ ಬೇರೆ. ನಮ್ಮೂರಿನಲ್ಲಿ ಯಾವ ತಾಯಿಯಾದರೂ ಮತ್ತೇನು ತಿಳಿದಾಳು?

ಡೇರೆ ಮಹಬೂಬಸಾಬರದು. ಎಪ್ಪತ್ನಾಲ್ಕನೆಯ ಇಸವಿಯ ಆ ಚಳಿಗಾಲ ಭತ್ತದ ರಾಶಿ ಮುಗಿದ ಮೇಲೆ ಅವರು ಕಲಘಟಗಿಗೆ ಬಂದು, ಊರಂಚಿನ ನೀಲಕ್ಕನ ಕಣದಲ್ಲಿ ಗೂಟ ಹೊಡೆದಿದ್ದರು. ನೀಲಕ್ಕನ ಯಜಮಾನರು ಇದ್ದರೂ ಹೊಲ ಮತ್ತು ಕಣದ ಮಾತೆಲ್ಲ ಆಕೆಯದೇ. ಬಾಡಿಗೆಯನ್ನು ಆಕೆ ಕೇಳಲಿಲ್ಲ, ಒಂದೇ ಕರಾರು ಹಾಕಿದಳು. "ಸೋಮವಾರಕ್ಕೊಂದು ಶಿವನ ಚಿತ್ರಾ ತೋರಿಸಬೇಕು. ಯಾ ಸೋಮವಾರ ತಪ್ಪತೈತಿ, ಮಂಗಳವಾರ ಗೂಟಾ ಕೀಳಬೇಕು." ಸಾಬರು ಒಪ್ಪಿ, ಒಂದು ಸೋಮವಾರವೂ ತಪ್ಪಿಸದೆ ನಡೆಸಿದ್ದರು.

ಇನ್ನು ನಾನು. ಈರಪ್ಪ, ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದವ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಚಿತ್ರವಿಮರ್ಶೆ ಬರೆಯುತ್ತಿದ್ದೆ. ಸಾಬರ ಡೇರೆಯಲ್ಲಿ ಪರಭಾಷೆಯ ಚಿತ್ರ ಬಂದಾಗ ದನಿಪೆಟ್ಟಿಗೆಯ ಕಿವಿ ಹಿಂಡಿ, ಮೈಕು ಹಿಡಿದು ನಾನೇ ಎಲ್ಲ ಪಾತ್ರಗಳ ಮಾತನ್ನೂ ಕನ್ನಡದಲ್ಲಿ ಆಡುತ್ತಿದ್ದೆ. ನಾಯಕನಿಗೆ ನಮ್ಮ ಪ್ರಾಧ್ಯಾಪಕರ ಮೂಗಿನ ದನಿ, ಖಳನಾಯಕನಿಗೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ದನಿ, ನಾಯಕಿಯ ತಾಯಿಗೆ, ಹೇಳಬಾರದು, ನೀಲಕ್ಕನ ದನಿ. ಸಾಬರು ರೀಲು ಸುತ್ತುವವರು, ನಾನು ರೀಲು ಬಿಡುವವ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಈ ಇಂಗ್ಲಿಷ್ ಚಿತ್ರವನ್ನು ಹುಬ್ಬಳ್ಳಿಯಲ್ಲಿ ನೋಡಿ ವಿಮರ್ಶೆ ಬರೆದಿದ್ದೆ. ನೂರಾರು ವರ್ಷದ ಹಿಂದಿನ ಕಥೆ. ದೂರದ ದೇಶದ ದೊಡ್ಡ ಹೊಳೆಯ ಮೇಲೆ ಒಬ್ಬ ಬಿಳಿಯ ವೈದ್ಯ, ಅವನ ದೋಣಿ ನಡೆಸುವ ಒಬ್ಬ ಕರಿಯ ಮನುಷ್ಯ. ಜ್ವರ ಹಬ್ಬಿದ ಊರಿಗೆ ಔಷಧ ಮುಟ್ಟಿಸಬೇಕು. ದೋಣಿಯವ ಮುಟ್ಟಿದ ಲೋಟದಲ್ಲಿ ವೈದ್ಯ ನೀರು ಕುಡಿಯುವವನಲ್ಲ. ದೋಣಿ ಒಡೆದಾಗ ಆ ಕರಿಯನೇ ಇವನನ್ನು ಬೆನ್ನ ಮೇಲೆ ಹೊತ್ತು ಮುಳ್ಳುಗಲ್ಲಿನಲ್ಲಿ ನಡೆದು ಪಾದ ಹರಿದುಕೊಳ್ಳುತ್ತಾನೆ. ವೈದ್ಯ ಅಳುತ್ತ ಆ ಪಾದ ತೊಳೆಯುತ್ತಾನೆ. ಕೊನೆಗೆ ಇಬ್ಬರೂ ಕೈ ಕುಲುಕುತ್ತಾರೆ. ಪರದೆಯ ತುಂಬ ಎರಡೇ ಕೈ, ಪಿಟೀಲು, ಮುಗಿಯಿತು. "ನೋಡಿದವರಿಗೆ ಮನಸ್ಸು ಹಗುರಾಗುತ್ತದೆ" ಎಂದು ಬರೆದು, ಕೆಳಗೆ ಒಂದು ಚೇಷ್ಟೆಯ ಸಾಲು ಸೇರಿಸಿದ್ದೆ: "ಒಂದು ಸಲ ಕಾಲು ತೊಳೆದ ಮಾತ್ರಕ್ಕೆ ಎಲ್ಲವೂ ತೊಳೆದುಹೋಗುವಷ್ಟು ಸುಲಭವೇ ಎಂದು ಕೇಳಬಾರದು, ಪಿಟೀಲು ಕೇಳಬೇಕು."

ಸಾಬರು ಅದನ್ನು ಯಾರಿಂದಲೋ ಓದಿಸಿ ಕೇಳಿದ್ದರು. "ಕಡೀ ಸಾಲು ಬಿಟ್ಟು ಉಳದದ್ದೆಲ್ಲ ಚಲೋ ಬರದಿ ಬೇಟಾ," ಎಂದು ಚಿತ್ರವನ್ನೇ ತರಿಸಿಬಿಟ್ಟರು. ಅದು ಮಂಗಳವಾರದಿಂದ ಓಡಬೇಕಾಗಿತ್ತು. ಸೋಮವಾರಕ್ಕೆಂದು ಒಂದು ಶಿವನ ಚಿತ್ರವನ್ನು ಗೊತ್ತುಮಾಡಿದ್ದರು. ಆದರೆ ಮಧ್ಯಾಹ್ನದ ಬಸ್ಸಿನ ಮೇಲಿಂದ ಒಂದೇ ಡಬ್ಬಿ ಇಳಿಯಿತು, ಇಂಗ್ಲಿಷಿನದು. ಸಂಜೆಯ ಬಸ್ಸಿಗೆ ಶಿವ ಬರುತ್ತಾನೆಂದು ಸಾಬರು ನಿಲ್ದಾಣದಲ್ಲಿ ಕಾದು ಕಾದು, ಬಸ್ಸು ಬಂದು, ಶಿವ ಬರದೆ, ಹೊರಳಿ ಬಂದು ನೋಡಿದರೆ ಹೆಂಗಸರು ಚಪ್ಪಲಿ ಬಿಡುತ್ತಿದ್ದಾರೆ.

ಪರದೆಯ ಹಿಂದೆ ನಾವು ನಾಲ್ವರು ಸೇರಿದೆವು. ಸಾಬರು, ನಾನು, ರಾಮಪ್ಪ, ಮಷೀನು ನಡೆಸುವ ಇಮಾಮುದ್ದೀನ.

"ರಾಮಪ್ಪ ಕಾಕಾ, ಶಿವನ್ನ ಬರಿ ಅಂತ ನಿಮಗ ಯಾರು ಹೇಳಿದ್ರು?" ಎಂದೆ.

"ನಾ ಎಲ್ಲೆ ಶಿವನ್ನ ಬರದೇನಿ? ಸಾಬರು ಒಂದು ಸಣ್ಣ ಫೋಟೋ ಕೊಟ್ರು. ಕರೀ ಮನಷ್ಯಾ ಕುಂತಾನ, ಬಿಳೀ ಮನಷ್ಯಾ ಕಾಲು ತೊಳ್ಯಾಕತ್ಯಾನ. ಬರೋಬ್ಬರಿ ಹಂಗ ತಗದೇನಿ."

"ಕರೀ ಮನಷ್ಯಾ ನೀಲಿ ಹ್ಯಾಂಗ ಆದ?"

ರಾಮಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಆತ ಕಲಘಟಗಿಯ ಮರದ ತೊಟ್ಟಿಲುಗಳ ಮೇಲೆ ಚಿತ್ರ ಬರೆಯುವ ಮನೆತನದವ. "ತೊಟ್ಟಿಲ ಕುಂಚಲೇ ಕರಿ ಮೈ ಬರೀತಾರೇನೋ? ನಮ್ಮ ಮುತ್ಯಾನ ಕಾಲದಿಂದ ನಮ್ಮ ಮನ್ಯಾಗ ಕರಿ ಬಣ್ಣ ಅಂದ್ರ ಬರೇ ಕಣ್ಣು, ಮೀಸಿ, ಗೀಟು. ಮೈಗೆ ಕರಿ ಹಚ್ಚಿದ್ರ ಕೂಸಿಗೆ ಆಗೂದಿಲ್ಲ. ಕಪ್ಪ ಇದ್ದಾವ್ರಿಗೆ ನೀಲೀನ ಹಚ್ಚೂದು."

"ಪೋಸ್ಟರಿನ್ಯಾಗ ಯಾ ಕೂಸು ಮಲಗಿತ್ತು ಕಾಕಾ?"

"ಮತ್ತ ಆ ಚಂದ್ರಾ?" ಎಂದರು ಸಾಬರು ದುಃಖದಿಂದ.

"ಮ್ಯಾಲ ಜಾಗಾ ಖಾಲಿ ಉಳದಿತ್ರಿ."

ಇಮಾಮುದ್ದೀನ ಲೆನ್ಸು ಒರೆಸುತ್ತಿದ್ದ. ಅವನು ಅಡವಿಯಂಚಿನ ಸಿದ್ದಿಯರ ಹಟ್ಟಿಯವ. ಯಾವುದೋ ಕಾಲದಲ್ಲಿ ಸಮುದ್ರದಾಚೆಯಿಂದ ಹಡಗಿನಲ್ಲಿ ತಂದಿಳಿಸಿದವರ ವಂಶ. ಗುಂಗುರು ಕೂದಲು, ಇದ್ದಿಲಿನ ಮೈ, ಮಾತು ಮಾತ್ರ ನನಗಿಂತ ಹೆಚ್ಚು ಕಲಘಟಗಿಯದು. ಏಳನೆಯ ಇಯತ್ತೆಯ ತನಕ ನಾವಿಬ್ಬರೂ ಒಂದೇ ಬಾಕಿನ ಮೇಲೆ ಕುಳಿತವರು.

"ನನ್ನ ಚಿತ್ರಾ ತಗದ್ರ ಯಾವ ಬಣ್ಣಾ ಹಚ್ತಿ ಕಾಕಾ?" ಎಂದ ಅವನು.

ರಾಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಕಸುಬಿನವರ ಗಾಂಭೀರ್ಯದಿಂದ, "ನಿನಗ ಎರಡು ಕೈ ನೀಲಿ ಹಚ್ಚಬೇಕಾಗತೈತಿ," ಎಂದ.

ನಗು ಬಂತು, ಅಲ್ಲೇ ಸತ್ತಿತು. ಡೇರೆಯೊಳಗಿಂದ ಹೆಂಗಸರು ಶಿವನ ಪದ ಎತ್ತಿಕೊಂಡಿದ್ದರು. ಸಾಬರು ಖಾಲಿ ಡಬ್ಬಿಯ ಮೇಲೆ ಕುಳಿತುಬಿಟ್ಟರು. "ನವಲಗುಂದದಾಗ ಬ್ಯಾರೇದವ್ರ ಡೇರೆ ಕುಂತೈತಿ. ಅಣ್ಣಿಗೇರಿ ಜಾಗಾ ಹೋತು. ಇಲ್ಲೆ ಬಿಚ್ಚಿದ್ರ ಮಳಿಗಾಲದ ತನಕಾ ಎಲ್ಲೆ ಹೂಡ್ಲಿ? ಅದೂ ಹೋಗ್ಲಿ. ಸಾಬ ಶಿವನ ಹೆಸರಲೇ ಮೋಸಾ ಮಾಡಿದಾ ಅಂದ್ರ, ನಾ ಯಾ ಊರಾಗ ಮಾರಿ ತೋರಿಸ್ಲಿ?"

ನನಗೆ ಒಂದು ಉಪಾಯ ಹೊಳೆದಿತ್ತು, ಹೊಳೆದದ್ದಕ್ಕೆ ಹೆಮ್ಮೆಯೂ ಆಗಿತ್ತು. "ಮೈಕು ನನ್ನ ಕೈಯಾಗ ಐತಲ್ರಿ. ಅವ್ರ ಇಂಗ್ಲಿಷು ಯಾರಿಗೆ ತಿಳೀತೈತಿ? ದೋಣಿಯಾಂವ ಶಿವಾ, ವೈದ್ಯ ಭಕ್ತಾ, ಹೊಳಿ ಗಂಗಿ. ದೋಣಿ ಒಡೀತಲ್ಲ, ಅದು ಶಿವನ ಪರೀಕ್ಷಾ. ಕಡೀಕ ಕೈ ಕುಲುಕ್ತಾರಲ್ಲ, ಅದು ಅಭಯಹಸ್ತಾ!" ಎಂದು ನಾಟಕದ ಶಿವನ ಗಡಸು ದನಿ ತೆಗೆದು, "ಭಕ್ತಾ, ಮೆಚ್ಚಿದೆ!" ಎಂದೆ. ಇಮಾಮುದ್ದೀನ ಬಾಯಿ ಮುಚ್ಚಿ ನಕ್ಕ. "ಮಾಡಲೇ ಈರ್ಯಾ. ಒಂದಿನ ನಮ್ಮ ಮಾರೀನೂ ಶಿವಾ ಆಗ್ಲಿ."

ಸಾಬರು ನಗಲಿಲ್ಲ. "ಅವ್ರು ಏನ್ ಉಂಡಾರ ಇವತ್ತು?"

"ಸೋಮವಾರ. ಒಪ್ಪತ್ತು ಇರ್ತಾರ. ಪೂಜಾ ಆದಮ್ಯಾಲೇ ಉಣ್ಣೂದು."

"ಹೌದಿಲ್ಲ? ನಾ ರೋಜಾ ಇದ್ದಾಗ ನನಗ ಯಾರರೆ ಹೊತ್ತು ಮುಳುಗೈತಿ ಅಂತ ಸುಳ್ಳ ಹೇಳಿ ರೊಟ್ಟಿ ತಿನಿಸಿದ್ರ?" ಅವರು ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡರು. "ಆಗೂದಿಲ್ಲ ಬೇಟಾ. ಉಪಾಸ ಇದ್ದವ್ರಿಗೆ ಸುಳ್ಳ ಬ್ಯಾಡ. ನೀ ವಿಮರ್ಶಿ ಬರಿಯಾಂವ ಹೌದಿಲ್ಲೋ? ಹೋಗು, ಮೈಕಿನ್ಯಾಗ ವಿಮರ್ಶಿ ಹೇಳು. ಇದ್ದದ್ದು ಇದ್ದಂಗ. ಡೇರೆ ಉಳದ್ರ ಉಳೀತು, ಹೋದ್ರ ಹೋತು."

ಮೈಕಿನ ಮುಂದೆ ಹೋಗಿ ನಿಂತೆ. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ಮುಂದಿನ ನೆಲದ ತುಂಬ ವಿಭೂತಿಯ ಹಣೆಗಳು. ಹಿಂದೆ ಬೀಡಿ ಮುಚ್ಚಿಟ್ಟುಕೊಂಡ ಹುಡುಗರ ಗುಂಪು. ಬಿಳಿ ಪರದೆಗೆ ಯಾರೋ ಆಗಲೇ ಚೆಂಡುಹೂವಿನ ಮಾಲೆ ಹಾಕಿದ್ದರು. ನಗಿಸಿ ಹೇಳಿದರೆ ಸಿಟ್ಟು ಕಡಿಮೆಯಾದೀತು ಎಂದುಕೊಂಡು ಕಂಡಕ್ಟರನ ದನಿ ತೆಗೆದೆ: "ಶಿವನ ಟಿಕೀಟು ತಗೊಂಡವರು ಗಮನಿಸ್ರಿ, ಶಿವಾ ಹುಬ್ಬಳ್ಳ್ಯಾಗ ಬಸ್ಸು ತಪ್ಪಿಸಿಕೊಂಡಾನ..."

ಒಬ್ಬರೂ ನಗಲಿಲ್ಲ. ಪದ ನಿಂತಿತು. ನನಗೆ ಗೊತ್ತಿದ್ದ ದನಿಗಳೆಲ್ಲ ಒಂದೊಂದಾಗಿ ಗಂಟಲಿನಿಂದ ಇಳಿದುಹೋದವು. ಉಳಿದದ್ದು ನನ್ನದೊಂದೇ. ಅದಕ್ಕೆ ಮೈಕಿನ ರೂಢಿಯೇ ಇರಲಿಲ್ಲ.

"ತಾಯಿಗಳಿರಾ, ಇವತ್ತು ಶಿವನ ಚಿತ್ರಾ ಬಂದಿಲ್ಲ. ಇರೂದು ಇಂಗ್ಲಿಷ್ ಚಿತ್ರಾ. ಇಬ್ಬರು ಗೆಳೆಯರ ಕಥಿ. ಪೋಸ್ಟರಿನ್ಯಾಗಿರಾಂವ ಶಿವಾ ಅಲ್ಲ. ತಪ್ಪಾತು. ಸಾಬರು ಬೇಕಂತ ಮಾಡಿದ್ದಲ್ಲ."

ನೀಲಕ್ಕ ಎದ್ದು ನಿಂತಳು. "ಶಿವಾ ಅಲ್ಲಂದ್ರ, ನೀಲಿ ಮೈಯಾಂವ ಮತ್ಯಾರಲೇ ಅಂವಾ?"

"ಒಬ್ಬ ಕರೀ ಮನಷ್ಯಾ, ಆಯೀ. ದೋಣಿ ನಡಸಾಂವ."

"ಕರೀ ಅಂದ್ರ ಎಂಥಾ ಕರೀ? ನಮ್ಮ ಹೊಲದ ಆಳುಮಗಾ ಇಲ್ಲೇನು, ಅಂಥಾ ಕರೀಯೇನು?"

ಇದ್ದದ್ದು ಇದ್ದಂಗ ಎಂದಿದ್ದರು ಸಾಬರು. "ಅಲ್ರಿ. ನಮ್ಮ ಇಮಾಮುದ್ದೀನ ಇದ್ದಂಗ."

ಎಲ್ಲ ತಲೆಗಳೂ ಒಟ್ಟಿಗೆ ಹಿಂದಕ್ಕೆ ತಿರುಗಿ ಮಷೀನಿನ ಗೂಡಿನ ಕಡೆ ನೋಡಿದವು. ಗೂಡಿನ ಚೌಕ ಕಿಂಡಿಯಲ್ಲಿ ಅವನ ಮುಖವಿತ್ತು. ಅವನು ಹಿಂದೆ ಸರಿಯಲಿಲ್ಲ. ಯಾರೋ ಹೆಂಗಸು, "ಶಿವ ಶಿವಾ, ಸಿದ್ದೀನ ಪಾದಕ್ಕ ಕೈ ಮುಗದು ಬಂದೆನಲ್ಲೇ!" ಎಂದಳು. ನಾನು ಮೈಕು ಬಂದ್ ಮಾಡುವುದನ್ನೂ ಮರೆತಿದ್ದೆ. ನನ್ನ ಉಸಿರು ಡೇರೆಯ ತುಂಬ ಕೇಳುತ್ತಿತ್ತು.

"ಅದೆಲ್ಲಾ ಇರ್ಲಿ," ಎಂದಳು ನೀಲಕ್ಕ. ತಾಟು ಎತ್ತಿ ತೋರಿಸಿದಳು. "ಇವನ್ನೇನ್ ಮಾಡೂದು? ದೇವರ ಹೆಸರ ಹೇಳಿ ಮನಿ ಹೊಸ್ತಿಲಾ ದಾಟಿಸಿದ ಕಾಯಿ. ಒಡೀದ ಹೊಳ್ಳಿ ಒಯ್ಯಾಕ ಬರತೈತೇನು? ಮನ್ಯಾಗ ಮಕ್ಕಳು ಮರೀ ಅದಾವ."

ಇದು ನನಗಾಗಲಿ ಸಾಬರಿಗಾಗಲಿ ಹೊಳೆದಿರಲಿಲ್ಲ. ಚಿತ್ರ ಬದಲಾದರೆ ಬೈದು ಹೋದಾರು, ಕಾಯಿ ಹಾಗಲ್ಲ. ಹೆಂಗಸರಲ್ಲಿ ಗುಜುಗುಜು ಎದ್ದಿತು. ಗುಡಿ ಊರಿನ ಆ ತುದಿಗೆ, ಬಾಗಿಲು ಹಾಕುವ ಹೊತ್ತಾಗಿತ್ತು. ಹಿಂದಿನ ಹುಡುಗರಿಗೆ ಕಾರಣ ಬೇಕಾಗಿತ್ತು, ಸಿಕ್ಕಿತು. "ಕೀಳ್ರಲೇ ಡೇರೆ! ಶಿವನ ಹೆಸರಲೇ ಟಿಕೀಟು ಮಾರ್ಯಾನ!" ಒಬ್ಬ ಹೊರಗಿನ ಹಗ್ಗ ಜಗ್ಗಿದ. ನಡುಗಂಬ ಕಿರುಗುಟ್ಟಿತು. ನೆತ್ತಿಯ ಮೇಲಿನ ತಾಡಪತ್ರಿ ಒಮ್ಮೆ ಕೆಳಗಿಳಿದು ಮೇಲೆ ಹೋಯಿತು. ಸಾಬರು ಕಂಬವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದದ್ದು ಕಂಡಿತು, ಕಂಬ ಬೀಳದಂತೆ ಹಿಡಿದರೋ, ತಾವು ಬೀಳದಂತೆ ಹಿಡಿದರೋ ತಿಳಿಯಲಿಲ್ಲ.

ಆಗ ಕಿಂಡಿಯಿಂದ ಇಮಾಮುದ್ದೀನನ ದನಿ ಬಂತು. ಅವನಿಗೆ ಮೈಕು ಬೇಕಿರಲಿಲ್ಲ.

"ಆಯೀ, ಮಷೀನಿಗೆ ಒಡಸ್ರಿ."

"ಏನಂದ್ಯೋ?"

"ವಾರಾ ವಾರಾ ಸೋಮವಾರ ಆಟಾ ಶುರು ಮಾಡೂ ಮೊದ್ಲು ಮಷೀನಿಗೆ ಕಾಯಿ ಒಡೀತೇವ್ರಿ. ನೀವು ಶಿವನ್ನ ನೋಡೂದೂ ಇದರ ಬೆಳಕಿನ್ಯಾಗ ಅಲ್ಲೇನ್ರಿ? ಇವತ್ತಿಂದು ಇನ್ನೂ ಒಡದಿಲ್ಲ."

ಖರೇ ಮಾತು. ಗೂಡಿನ ಮೂಲೆಯಲ್ಲಿ ಕಾಯಿ ಒಡೆಯುವ ಕಲ್ಲೊಂದು ಇದ್ದೇ ಇತ್ತು. ಡೇರೆ ಎಲ್ಲಿಗೆ ಹೋದರೂ ಅದೂ ಗಾಡಿಯಲ್ಲಿ ಹೋಗುತ್ತಿತ್ತು.

ನೀಲಕ್ಕ ತಾಟು ಹಿಡಿದು ಯೋಚಿಸಿದಳು. ದಸರಾದಲ್ಲಿ ಆಕೆಯ ಮನೆಯ ರಂಟೆ ಕುಂಟೆಗಳಿಗೂ ಕಾಯಿ ಒಡೆಯುತ್ತಿದ್ದರು, ನೀರೆತ್ತುವ ಇಂಜಿನಿಗೂ ಒಡೆಯುತ್ತಿದ್ದರು. "ಬರೋಬ್ಬರಿ," ಎಂದಳು. ಆಮೇಲೆ ಕೇಳಿದಳು. "ಯಾರು ಒಡೀತಾರ?"

"ಮಷೀನು ಮುಟ್ಟಾಂವ ನಾ ಒಬ್ಬನ. ನಾನ ಒಡಿಯೂದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಡೆದ ಕಾಯಿಯ ಒಂದು ಹೋಳು ಮಷೀನಿನ ಮುಂದೆ, ಒಂದು ಹೋಳು ಒಡೆಸಿದವರ ಕೈಗೆ. ಅದು ಪ್ರಸಾದ. ಅದನ್ನು ಕೊಡುವ ಕೈ ಯಾರದು ಎಂಬುದು ಈಗ ಎಲ್ಲರ ಕಣ್ಣ ಮುಂದಿತ್ತು. ನೀಲಕ್ಕ ಒಲ್ಲೆನೆಂದರೆ ಕಾಯಿಗಳೆಲ್ಲ ಉಳಿಯುತ್ತವೆ, ಡೇರೆ ಉಳಿಯುವುದಿಲ್ಲ. ಹಗ್ಗದ ಹುಡುಗರೂ ಆಕೆಯ ಮುಖ ನೋಡುತ್ತಿದ್ದರು. ಸಾವಿತ್ರೆವ್ವ ಎಂಬ ಮುದುಕಿ ಆಕೆಯ ಸೆರಗು ಜಗ್ಗಿ ಕಿವಿಯಲ್ಲಿ ಏನೋ ಅಂದಳು. ನೀಲಕ್ಕ ಸೆರಗು ಬಿಡಿಸಿಕೊಂಡು ಗೂಡಿನ ಕಡೆ ನಡೆದಳು. ಬರಿಗಾಲಿಗೆ ಶೇಂಗಾ ಸಿಪ್ಪೆ ಚುರುಚುರು ಎನ್ನುತ್ತಿದ್ದವು.

ತಾಟನ್ನು ಗೂಡಿನ ಕಟ್ಟೆಯ ಮೇಲೆ ಇಟ್ಟಳು. ಇಮಾಮುದ್ದೀನ ಕೈ ತೊಳೆದುಕೊಂಡು ಬಂದ. ಕಾಯಿ ಎತ್ತಿಕೊಂಡ, ಜುಟ್ಟು ಕಿತ್ತ, ಕಲ್ಲಿಗೆ ಒಂದೇ ಏಟು. ಎರಡು ಹೋಳೂ ಸಮ. ಊದಿನಕಡ್ಡಿ ಮಷೀನಿಗೆ ಬೆಳಗಿ, ಒಂದು ಹೋಳನ್ನು ಅದರ ಬುಡಕ್ಕಿಟ್ಟ. ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ನೀಲಕ್ಕನ ಮುಂದೆ ಚಾಚಿದ.

ಹುಬ್ಬಳ್ಳಿಯ ಥೇಟರಿನಲ್ಲಿ ಆ ಎರಡು ಕೈಗಳ ದೃಶ್ಯ ನೋಡುವಾಗ ನಾನು ಆಕಳಿಸಿದ್ದೆ. ಈಗ ಕಣ್ಣು ಕೀಳಲಾಗಲಿಲ್ಲ. ಇಮಾಮುದ್ದೀನನ ಅಂಗೈ ಬೆಳಕಿನಲ್ಲಿ ಕಾಯಿಯ ತಿರುಳಿನಷ್ಟೇ ಬೆಳ್ಳಗೆ ಕಾಣುತ್ತಿತ್ತು. ನೀಲಕ್ಕ ನೋಡುತ್ತ ನಿಂತಳು. ಹೋಳಿನೊಳಗಿನ ನೀರು ಅಲುಗುತ್ತಿತ್ತು.

ಆಕೆ ಸೆರಗೊಡ್ಡಿದಳು.

ಎರಡೂ ಕೈಯಿಂದ ಇಳಕಲ್ಲ ಸೆರಗಿನ ತುದಿ ಹಿಡಿದು ಜೋಳಿಗೆಯಂತೆ ಮುಂದೆ ಚಾಚಿ, ತಲೆ ತುಸು ಬಾಗಿಸಿ ನಿಂತಳು. ಇಮಾಮುದ್ದೀನ ಹೋಳನ್ನು ಮೆಲ್ಲಗೆ ಅದರೊಳಗೆ ಬಿಟ್ಟ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಹೊರಳಿದಳು. "ಬರ್ರೆವ್ವಾ, ಒಬ್ಬೊಬ್ಬರು ಬರ್ರಿ. ಹೊತ್ತಾಕ್ಕೈತಿ."

ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಸೆರಗೊಡ್ಡಿದರು. ದೇವರ ಮುಂದೆ ಬೇಡುವಾಗ, ಸ್ವಾಮಿಗಳಿಂದ ಪ್ರಸಾದ ತೆಗೆದುಕೊಳ್ಳುವಾಗ ನಮ್ಮ ಹೆಂಗಸರು ಸೆರಗೊಡ್ಡುವುದು ಹಾಗೆಯೇ. ಕೊಡುವವನ ಕೈ ತಾಗಬಾರದು ಎಂದಿದ್ದಾಗ ಒಡ್ಡುವುದೂ ಹಾಗೆಯೇ. ಮಾನ ಕೊಟ್ಟರೋ, ಮೈ ತಪ್ಪಿಸಿದರೋ? ನಾನು ಮೈಕಿನ ತಂತಿ ಹಿಡಿದು ನಿಂತು ಒಂದೊಂದು ಸೆರಗನ್ನೂ ನೋಡಿದೆ. ಸಾಬರು ಮಾತ್ರ ಕಂಬ ಬಿಟ್ಟು ನೆಲದ ಮೇಲೆ ಕುಳಿತು ಮುಖ ಒರೆಸಿಕೊಳ್ಳುತ್ತಿದ್ದರು.

ಕಾಯಿ ಒಡೆಸಿದ ಮೇಲೆ ಆಟ ನೋಡದೆ ಹೋಗುವುದು ಸರಿಯಲ್ಲವೆಂದು ನೀಲಕ್ಕ ಕುಳಿತಳು. ಆಕೆ ಕುಳಿತ ಮೇಲೆ ಯಾರೂ ಏಳಲಿಲ್ಲ. ಹಗ್ಗ ಜಗ್ಗಿದ ಹುಡುಗನೂ ಬಂದು ಕೊಬ್ಬರಿ ಕೇಳಿದ. ಆದರೂ ಸಾಬರಿಗೆ ನೆಮ್ಮದಿಯಿರಲಿಲ್ಲ. ಕರಾರು ತಪ್ಪಿದ್ದಂತೂ ತಪ್ಪಿತ್ತು. ನಾಳೆ ಮಂಗಳವಾರ.

ಮಷೀನು ತಿರುಗಿತು. ನಾನು ಯಾವ ದನಿಯನ್ನೂ ಅನುಕರಿಸದೆ, ನನ್ನದೇ ದನಿಯಲ್ಲಿ ಕಥೆ ಹೇಳಿದೆ. ಅದು ಹೆಚ್ಚು ಕಷ್ಟವಾಯಿತು. ಹೆಂಗಸರು ನಡುನಡುವೆ ಕೇಳುತ್ತಲೇ ಇದ್ದರು.

"ಈ ದೋಣಿಯವನ ಮನಿ ಎಲ್ಲೈತಿ?"

"ಚಿತ್ರದಾಗ ತೋರಿಸಿಲ್ಲ ಆಯೀ."

"ಅವ್ವಾ?"

"ತೋರಿಸಿಲ್ಲ."

"ಮದವೀ ಆಗೈತಿಲ್ಲೋ?"

"ಅದನ್ನೂ ಹೇಳಿಲ್ಲ."

"ಆ ಬಿಳ್ಯಾನ ಮನಿ, ಕುದರಿ, ಅತ್ತೀ ಮನಿ ನಾಯಿ, ಎಲ್ಲಾ ತೋರಿಸ್ಯಾರ," ಎಂದು ನೀಲಕ್ಕ ಗೊಣಗಿದಳು. ನನ್ನ ವಿಮರ್ಶೆಯಲ್ಲಿ ಈ ಮಾತು ಇರಲಿಲ್ಲ.

ಪಾದ ತೊಳೆಯುವ ದೃಶ್ಯ ಬಂದಾಗ ರೂಢಿಬಲದಿಂದ ಕೆಲವರು ಕೈಮುಗಿದರು, ಪಕ್ಕದವಳು ತಿವಿದಾಗ ಇಳಿಸಿದರು. ಕೊನೆಗೆ ಕೈಗಳು ಕೂಡಿದವು. ದನಿಪೆಟ್ಟಿಗೆ ಬಂದ್ ಇದ್ದುದರಿಂದ ಪಿಟೀಲು ಕೇಳಲಿಲ್ಲ. ಬರೀ ಮಷೀನಿನ ಟರ್ರ್ ಸದ್ದು, ಪರದೆಯ ತುಂಬ ಎರಡು ಕೈ, ಮೇಲೆ ಚೆಂಡುಹೂವಿನ ಮಾಲೆಯ ನೆರಳು.

"ಆತೇನು? ಇಷ್ಟೇನು?" ಎಂದಳು ನೀಲಕ್ಕ. "ಕೈ ಕೊಟ್ಟಮ್ಯಾಲೆ ಆ ಹುಡುಗಾ ಉಣ್ಣಾಕ ಎಲ್ಲೆ ಹೋದ?"

ಹೊರಗೆ ಹೆಂಗಸರು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಸಾಬರು ನೀಲಕ್ಕನ ಮುಂದೆ ಹೋಗಿ ನಿಂತರು. ಟೊಪ್ಪಿಗೆ ಕೈಯಲ್ಲಿತ್ತು. "ನೀಲಕ್ಕಾ, ಕರಾರು ಮುರೀತು. ನೀ ಹೇಳಿದಂಗ. ನಾಳೆ ಗೂಟಾ ಕೀಳತೇನಿ."

ನೀಲಕ್ಕ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕಾಲಿನಿಂದ ತಡಕುತ್ತಿದ್ದಳು. "ಯಾರು ಮುರದ್ರು? ನೀ ಮೊದಲ ಹೇಳಿದಿ. ಕಾಯಿ ಒಡೀತು. ಮುಗೀತು." ಚಪ್ಪಲಿ ಸಿಕ್ಕಿತು. "ಬರೂ ಸೋಮವಾರ ಮಾತ್ರ ಖರೇ ಶಿವಾ ಬರಬೇಕು. ಮತ್ತ ಆ ರಾಮಪ್ಪಗ ಹೇಳು, ಬಿಡಾಡಿ ಚಂದ್ರನ್ನ ಎಲ್ಲೆ ಬೇಕಾದಲ್ಲೆ ಬರೀಬ್ಯಾಡಂತ."

ಸಾಬರು ಟೊಪ್ಪಿಗೆ ತಲೆಗಿಟ್ಟುಕೊಳ್ಳಲು ಹೋಗಿ ಬೀಳಿಸಿ, ಹೆಕ್ಕಿ, ಮತ್ತೆ ಬೀಳಿಸಿದರು.

ನೀಲಕ್ಕ ಹೊರಟವಳು ಗೂಡಿನ ಮುಂದೆ ನಿಂತಳು. ಇಮಾಮುದ್ದೀನ ರೀಲು ಹಿಂದಕ್ಕೆ ಸುತ್ತುತ್ತಿದ್ದ. ನಾನು ಪಕ್ಕದಲ್ಲಿ ಮೈಕಿನ ತಂತಿ ಸುರುಳಿ ಮಾಡುತ್ತಿದ್ದೆ.

"ಏ ಹುಡುಗಾ, ನೀ ಉಂಡ್ಯೇನೋ?"

"ಇಲ್ರಿ ಆಯೀ. ಇನ್ನೂ ಉಣ್ಣೂದೈತಿ."

ಆಕೆ ಸೆರಗಿನ ಗಂಟು ಬಿಚ್ಚಿ ತನ್ನ ಹೋಳಿನಿಂದ ದೊಡ್ಡದೊಂದು ಚೂರು ಮುರಿದಳು. "ಹಿಡಿ." ಅವನು ರೀಲು ಬಿಟ್ಟು ಅಂಗೈ ಚಾಚಿದ. ಆಕೆಯ ಕೈ ಅವನ ಕೈಯ ಮೇಲೆ ಬಂತು, ಒಂದು ಗೇಣಿನಷ್ಟು ಎತ್ತರದಲ್ಲಿ ನಿಂತಿತು, ಬೆರಳು ಸಡಿಲವಾದವು. ಚೂರು ಬಿತ್ತು. ಇಮಾಮುದ್ದೀನ ಹಿಡಿದ. "ನಿಮ್ಮವ್ವಗ ಹೇಳು, ನೀಲಕ್ಕ ಕೇಳ್ಯಾಳಂತ," ಎಂದು ಆಕೆ ಹೋದಳು. ಆಕೆಗೆ ಅವನ ಅವ್ವ ಗೊತ್ತಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅವನು ಕೊಬ್ಬರಿ ಕಡಿದು ಅರ್ಧ ನನಗೆ ಕೊಟ್ಟ. ಅಗಿಯುತ್ತ ಕುಳಿತೆವು.

"ವಾರಪತ್ರಿಕಿಗೆ ಇದನ್ನ ಏನಂತ ಬರೀತೀಲೇ?" ಎಂದ.

"ಅದೇ ತಿಳೀವಲ್ದು. ಕೊಟ್ಟಳಂತ ಬರೀಲೋ, ಮ್ಯಾಲಿಂದ ಒಗದಳಂತ ಬರೀಲೋ?"

ಇಮಾಮುದ್ದೀನ ಕೈ ಒರೆಸಿಕೊಂಡು ಮತ್ತೆ ರೀಲಿನ ಹಿಡಿಕೆ ತಿರುಗಿಸತೊಡಗಿದ. ಕೈಕುಲುಕಿದವರು ಕೈ ಬಿಟ್ಟು, ತೊಳೆದ ಕಾಲು ಮತ್ತೆ ನೆತ್ತರಾಗಿ, ದೋಣಿ ಕೂಡಿಕೊಂಡು, ಇಬ್ಬರೂ ಹೊಳೆಯ ಮೇಲೆ ಮೊದಲಿನಂತೆ ದೂರ ದೂರ ಕುಳಿತಿರಬೇಕು, ಆ ಡಬ್ಬಿಯೊಳಗೆ.

"ನಾ ಕೆಳಗ ಬೀಳಗೊಡಲಿಲ್ಲ ಅಂತ ಬರಿ," ಎಂದ.